ಮಳೆಗಾಲದಲ್ಲಿ ಹೀಟ್ ಪಂಪ್ ನೀರು ಕಾಯಿಸುತ್ತದಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಅಪರೂಪ. ಸೋಲಾರ್ ಹಾಕಿಸಿದವರೆಲ್ಲ ಮಳೆಗಾಲದಲ್ಲಿ ಮತ್ತೆ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾರೆ. ಈಗ ಗಾಳಿಯಿಂದ ನೀರು ಕಾಯಿಸುವ ಹೀಟ್ ಪಂಪ್ ಬಂದಿದೆಯಂತೆ. ನಮ್ಮ ಥಂಡಿ ಹವೆಯಲ್ಲಿ ಅದು ನಡೆಯುತ್ತದಾ, ಇಲ್ಲಾ ಅದರದ್ದೂ ಸೋಲಾರ್ ಕತೆಯೇನಾ?

ಉತ್ತರ: ನಡೆಯುತ್ತದೆ. ಮಳೆಗಾಲದಲ್ಲೂ ನಡೆಯುತ್ತದೆ, ನಡುರಾತ್ರಿಯಲ್ಲೂ ನಡೆಯುತ್ತದೆ.

ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಫೋನಿನಲ್ಲಿ ಹೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಹೇಳಿದ್ದೇನೆ, ಯಾರದ್ದೋ ಫ್ರಿಜ್ ರಿಪೇರಿ ಮಾಡುತ್ತಾ ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡೂ ಹೇಳಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಅದು ಸರಿ ಮಾರಾಯ್ರೆ, ಆದ್ರೆ ಬಿಸಿಲೇ ಇಲ್ದಿದ್ರೆ?" ಎನ್ನುತ್ತಾರೆ. ಹಾಗಾಗಿ ಬರೆದೇ ಇಡೋಣ ಅಂದುಕೊಂಡೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಗೊಂದಲ ಹುಟ್ಟಿದ್ದು ಎಲ್ಲಿಂದ ಅಂತ ನನಗೆ ಗೊತ್ತು. ಸೋಲಾರ್ ಮಾರುವ ಅಂಗಡಿಯಲ್ಲೇ ಹೀಟ್ ಪಂಪ್ ಕೂಡ ಇರುತ್ತದೆ. ಎರಡಕ್ಕೂ ದೊಡ್ಡ ಟ್ಯಾಂಕು ಇರುತ್ತದೆ. ಎರಡನ್ನೂ "ಪ್ರಕೃತಿಯಿಂದ ಉಚಿತ ಶಾಖ" ಅಂತ ಹೊಗಳಿ ಮಾರುತ್ತಾರೆ. ಜನ ಅದು ಸೋಲಾರಿನ ತಮ್ಮ ಇರಬೇಕು ಅಂದುಕೊಂಡರು. ತಮ್ಮನೂ ಅಲ್ಲ, ದಾಯಾದಿಯೂ ಅಲ್ಲ. ಅದರ ರಕ್ತಸಂಬಂಧ ನಿಮ್ಮ ಅಡುಗೆಮನೆಯ ಫ್ರಿಜ್ ಜೊತೆ. ಫ್ರಿಜ್ಜಿನ ಹಿಂದೆ ಅಥವಾ ಬದಿಗೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಒಳಗಿಟ್ಟ ಹಾಲು, ಮಜ್ಜಿಗೆ, ನಿನ್ನೆಯ ಸಾರಿನಿಂದ ಕಿತ್ತು ತಂದ ಬಿಸಿ ಅದು. ಫ್ರಿಜ್ಜಿನೊಳಗೆ ಬಿಸಿಲು ಬೀಳುತ್ತದಾ? ಇಲ್ಲ ಅಲ್ವಾ. ನಾಲ್ಕು ಡಿಗ್ರಿಯ ಹಾಲಿನಿಂದಲೇ ಅದು ಬಿಸಿ ಎಳೆಯುತ್ತದೆ, ಹಾಗಿರುವಾಗ 24 ಡಿಗ್ರಿಯ ಮಳೆಗಾಲದ ಗಾಳಿಯಿಂದ ಎಳೆಯಲು ಏನು ಕಷ್ಟ?

ಇಲ್ಲೇ ಎಲ್ಲರೂ ಎಡವುವುದು. ನಮ್ಮ ಮೈಗೆ ಥಂಡಿ ಅನಿಸಿದರೆ ಗಾಳಿಯಲ್ಲಿ ಬಿಸಿ ಮುಗಿದೇಹೋಗಿದೆ ಅಂದುಕೊಳ್ಳುತ್ತೇವೆ. ಬಿಸಿ ನಿಜವಾಗಿ ಪೂರ್ತಿ ಮುಗಿಯುವುದು ಸೊನ್ನೆಗಿಂತ 273 ಡಿಗ್ರಿ ಕೆಳಗೆ. ಪುಷ್ಯ ಮಳೆ ಎಷ್ಟೇ ಜಡಿದರೂ ಅಲ್ಲಿಗೆ ಬಹಳ ದೂರ ಇದೆ. ಹೀಟ್ ಪಂಪ್‌ನ ಕಾಯಿಲ್, ಅಂದರೆ ಸುರುಳಿ ಕೊಳವೆಯ ಒಳಗೆ ಓಡುವ ಗ್ಯಾಸು ನಮ್ಮ ಹಾಗೆ ಕಂಬಳಿ ಹೊದೆಯುವ ಜಾತಿಯದ್ದಲ್ಲ. ಆರ್134ಎ ಎಂಬ ಗ್ಯಾಸು ಹೊರಗಿನ ಗಾಳಿಯ ಮಾಮೂಲಿ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಯಂತ್ರದೊಳಗೆ ಒತ್ತಡ ಹೊಂದಿಸಿ, ಸುತ್ತಲಿನ ಗಾಳಿಗಿಂತ ಹತ್ತು ಡಿಗ್ರಿಯೋ ಏನೋ ಕೆಳಗೆ ಕುದಿಯುವ ಹಾಗೆ ಮಾಡಿರುತ್ತಾರೆ. ಫ್ಯಾನ್ ಗಾಳಿಯನ್ನು ಕಾಯಿಲ್ ಮೇಲೆ ದಬ್ಬುತ್ತದೆ, ಗ್ಯಾಸು ಆ ಬಿಸಿಯನ್ನು ಕುಡಿದು ಆವಿಯಾಗುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನೂ ಬಿಸಿ ಮಾಡುತ್ತದೆ, ಆ ಬಿಸಿ ಟ್ಯಾಂಕಿನ ನೀರಿಗೆ ಹೋಗುತ್ತದೆ, ಗ್ಯಾಸು ಮತ್ತೆ ದ್ರವವಾಗಿ ಕಾಯಿಲ್‌ಗೆ ಮರಳುತ್ತದೆ. ಇಷ್ಟೇ. ಈ ಸುತ್ತಿನಲ್ಲಿ ಸೂರ್ಯನಿಗೆ ಎಲ್ಲೂ ಜಾಗ ಇಲ್ಲ.

ಇನ್ನೂ ಒಂದು ಮಾತು, ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬವೇ ಬರುತ್ತದೆ. ಮಳೆಗಾಲದ ಹಸಿ ಗಾಳಿ ಈ ಯಂತ್ರಕ್ಕೆ ತೊಂದರೆ ಕೊಡುವುದಿಲ್ಲ, ಸಹಾಯ ಮಾಡುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿ ಕೂರುವುದನ್ನು ನೋಡಿದ್ದೀರಿ. ಕಾಯಿಲ್ ಮೇಲೂ ಹಾಗೇ ಗಾಳಿಯ ನೀರಾವಿ ಹನಿಯಾಗುತ್ತದೆ, ಹನಿಯಾಗುವಾಗ ತನ್ನೊಳಗಿನ ಬಿಸಿಯನ್ನು ಅಲ್ಲೇ ಬಿಟ್ಟುಹೋಗುತ್ತದೆ. ಒಂದು ಲೀಟರ್ ನೀರು ಹೀಗೆ ತೊಟ್ಟಿಕ್ಕಿತು ಅಂದರೆ ಸುಮಾರು 580 ಕಿಲೋಕ್ಯಾಲರಿ ಯಂತ್ರಕ್ಕೆ ಬಂತು. ಒಂದು ದೊಡ್ಡ ಬಕೆಟ್ ನೀರನ್ನು 20 ಡಿಗ್ರಿ ಮೇಲೇರಿಸಲು ಅಷ್ಟು ಸಾಕು. ಜುಲೈ ತಿಂಗಳಲ್ಲಿ ಓಡುತ್ತಿರುವ ಹೀಟ್ ಪಂಪ್‌ನ ಡ್ರೈನ್ ಪೈಪ್ ಹತ್ತಿರ ನಿಂತು ನೋಡಿ, ಟಪಟಪ ಅಂತ ಬೀಳುತ್ತಲೇ ಇರುತ್ತದೆ. "ಅಯ್ಯೋ, ಟ್ಯಾಂಕ್ ಸೋರ್ತಿದೆ" ಅಂತ ನನಗೆ ಫೋನ್ ಮಾಡುತ್ತಾರೆ. ಸೋರುತ್ತಿಲ್ಲ. ಅದು ಮಳೆಗಾಲ ನಿಮಗೆ ಕೊಡುತ್ತಿರುವ ಬಿಸಿಯ ರಸೀದಿ.

ಇಷ್ಟು ಹೇಳಿದರೂ ನಂಬದವರಿಗೆ ಚಳಿ ದೇಶಗಳ ಕಡೆ ಬೆರಳು ತೋರಿಸುತ್ತೇನೆ. ನಾರ್ವೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಹೀಟ್ ಪಂಪ್ ಇದೆ. ಫಿನ್ಲೆಂಡ್, ಸ್ವೀಡನ್‌ಗಳಲ್ಲೂ ಇದು ಮನೆಮಾತು. ಅಲ್ಲಿ ನೀರಿಗಷ್ಟೇ ಅಲ್ಲ, ಇಡೀ ಮನೆ ಬೆಚ್ಚಗಿಡಲು ಇದೇ ಯಂತ್ರ, ಹೊರಗೆ ಮೈನಸ್ 15 ಇರುವಾಗಲೂ. ಅವರ ತಲೆನೋವು ಬೇರೆ ರೀತಿಯದು. ಹೊರಗೆ ಸೊನ್ನೆಯ ಆಸುಪಾಸು ಇದ್ದಾಗ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಯಂತ್ರ ಆಗಾಗ ಉಲ್ಟಾ ಓಡಿ ಅದನ್ನು ಕರಗಿಸಿಕೊಳ್ಳಬೇಕು. ನಮಗೆ ಆ ರಗಳೆ ಇಲ್ಲ. ಶಿರಸಿ, ಸಿದ್ದಾಪುರದ ಜನವರಿ ಬೆಳಗ್ಗೆ 13–14 ಡಿಗ್ರಿಗೆ ಇಳಿದರೂ ಕಾಯಿಲ್ ಹೆಪ್ಪುಗಟ್ಟುವುದಿಲ್ಲ. ಕಾರವಾರದಲ್ಲಿ ಅಷ್ಟು ಚಳಿಯೂ ಇಲ್ಲ. ಹೀಟ್ ಪಂಪ್‌ಗೆ ಹೇಳಿ ಮಾಡಿಸಿದ ಊರು ಬೇಕೆಂದರೆ ನಮ್ಮ ಕರಾವಳಿಯೇ ಸೈ.

ಬಿಸಿಲಿಲ್ಲದ ಊರಿಗಾಗಿಯೇ ಈ ವಿದ್ಯೆ ಬಳಕೆಗೆ ಬಂದದ್ದು ಅಂದರೂ ನಡೆಯುತ್ತದೆ. 1850ರ ದಶಕದಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ ಎಂಬ ಎಂಜಿನಿಯರ್ ಈ ತತ್ವದ ಯಂತ್ರ ಕಟ್ಟಿದ್ದು ಎಬೆನ್‌ಸೀಯ ಉಪ್ಪಿನ ಕಾರ್ಖಾನೆಯಲ್ಲಿ, ಉಪ್ಪುನೀರು ಬತ್ತಿಸಲು. ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬಿಸಿಲೇ ಆ ಕೆಲಸ ಮಾಡುತ್ತದೆ. ಅವನಿಗೆ ಆ ಬಿಸಿಲು ಸಿಗಲಿಲ್ಲ, ಪಾಪ.

"ಆದ್ರೆ ನಮ್ಮ ಭಾವನ ಮನೇಲಿ ಮಳೆಗಾಲಕ್ಕೆ ಕೈಕೊಟ್ಟಿತಲ್ಲ?" ಕೈಕೊಟ್ಟಿರಬಹುದು. ಗೋಕರ್ಣ ಕಡೆಯ ಒಂದು ಹೋಂಸ್ಟೇಗೆ ನನ್ನನ್ನು ಕರೆದಿದ್ದೂ ಇದೇ ದೂರಿಗೆ. ಹೋಗಿ ನೋಡಿದರೆ, ಮಳೆಯಲ್ಲಿ ನೆನೆಯಬಾರದು ಅಂತ ಯಂತ್ರವನ್ನು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕಿದ್ದರು. ಬಾಗಿಲು ತೆಗೆದರೆ ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಹಳೆ ಚಾಪೆ, ಪೇಂಟ್ ಡಬ್ಬಿ, ಎಲ್ಲದರ ಮೇಲೂ ಹನಿ. ಯಂತ್ರ ತಾನೇ ತಣ್ಣಗೆ ಮಾಡಿದ ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿತ್ತು, ಇನ್ನೇನು ಬಿಸಿ ಸಿಗಬೇಕು ಅದಕ್ಕೆ? ಹೊರಗಿನ ಸೂರಿನ ಕೆಳಗೆ ಸಾಗಿಸಿದೆವು, ಸಂಜೆಗೆ ನೀರು ಕಾದಿತ್ತು. ಬೈಸಿಕೊಂಡಿದ್ದು ಮಾತ್ರ ಮಳೆಗಾಲ.

ಮಳೆಗಾಲದಲ್ಲಿ ನಿಜವಾಗಿ ತೊಂದರೆ ಕೊಡುವುದು ಕರಂಟು. ಮರ ಬಿದ್ದು ಲೈನ್ ಹೋದರೆ ಯಂತ್ರವೂ ನಿಂತಿತು, ಮನೆಯ ಸಣ್ಣ ಇನ್ವರ್ಟರ್‌ನಲ್ಲಿ ಇದು ಓಡುವುದಿಲ್ಲ. ವೋಲ್ಟೇಜ್ ಇಳಿದರೆ ಕಂಪ್ರೆಸರ್ ಒದ್ದಾಡುತ್ತದೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಒಳ್ಳೆಯ ಸ್ಟೆಬಿಲೈಸರ್ ಇಲ್ಲದೆ ಹಾಕಿಸಲೇಬೇಡಿ. ಅರ್ಥಿಂಗ್ ಸರಿ ಇರಲಿ, ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಇರಲಿ. ಒಂದು ಅನುಕೂಲ ಏನೆಂದರೆ, ಟ್ಯಾಂಕ್ ಚೆನ್ನಾಗಿದ್ದರೆ ಮಧ್ಯಾಹ್ನ ಕಾದ ನೀರು ಮರುದಿನ ಬೆಳಗ್ಗೆಯೂ ಬಿಸಿ ಇರುತ್ತದೆ. ಆದ್ದರಿಂದ ಟೈಮರ್ ಹಾಕಿ ಮಧ್ಯಾಹ್ನ ಓಡಿಸಿ, ಆಗ ಗಾಳಿಯೂ ಬೆಚ್ಚಗಿರುತ್ತದೆ. ಬೆಳಗಿನ ಜಾವ ಐದಕ್ಕೆ ಎದ್ದು ಸ್ವಿಚ್ ಒತ್ತುವ ಗೀಸರ್ ಅಭ್ಯಾಸ ಬಿಡಿ. ಇದು ನಿಧಾನಿ, ಟ್ಯಾಂಕ್ ಕಾಯಲು ಎರಡು ಮೂರು ಗಂಟೆಯಾದರೂ ಬೇಕು.

ಖರ್ಚಿನ ಲೆಕ್ಕವನ್ನೂ ಹಾಕೋಣ. 200 ಲೀಟರ್ ನೀರನ್ನು 25ರಿಂದ 50 ಡಿಗ್ರಿಗೆ ತರಲು 5,000 ಕಿಲೋಕ್ಯಾಲರಿ ಬೇಕು. ಒಂದು ಯೂನಿಟ್ ಕರಂಟ್ ಅಂದರೆ 860 ಕಿಲೋಕ್ಯಾಲರಿ. ಗೀಸರ್‌ಗೆ ಸುಮಾರು 5.8 ಯೂನಿಟ್ ಹೋಯಿತು. ಹೀಟ್ ಪಂಪ್ ಒಂದು ಯೂನಿಟ್ ತಿಂದು ಮೂರು ಯೂನಿಟ್‌ನಷ್ಟು ಬಿಸಿ ಕೊಟ್ಟರೆ, ನಮ್ಮ ಹವೆಯಲ್ಲಿ ಅಷ್ಟು ಕೊಡುತ್ತದೆ, ಎರಡು ಯೂನಿಟ್‌ನಲ್ಲಿ ಕೆಲಸ ಮುಗಿಯಿತು. ತಿಂಗಳಿಗೆ 174 ಎಲ್ಲಿ, 58 ಎಲ್ಲಿ! ಗೃಹಜ್ಯೋತಿಯ 200 ಯೂನಿಟ್ ಗಡಿಯ ಹತ್ತಿರ ಓಡಾಡುವ ಮನೆಗಳಿಗೆ ಈ ವ್ಯತ್ಯಾಸ ಏನು ಅಂತ ನಾನು ಹೇಳಬೇಕಾಗಿಲ್ಲ. ಒಂದಕ್ಕೆ ಮೂರು ಹೇಗೆ ಬರುತ್ತದೆ, ಇದೇನು ಚೀಟಿ ವ್ಯವಹಾರವಾ ಅನ್ನಬೇಡಿ. ಉಳಿದ ಎರಡು ಗಾಳಿಯಿಂದ ಬಂತು, ಈಗಷ್ಟೇ ಹೇಳಿದೆನಲ್ಲ. ಉಷ್ಣತೆಯನ್ನು 50ಕ್ಕೆ ಇಡಿ. 60, 65 ಅಂತ ಏರಿಸಿದಷ್ಟೂ ಕರಂಟ್ ಜಾಸ್ತಿ ತಿನ್ನುತ್ತದೆ. ವಾರಕ್ಕೊಮ್ಮೆ ಮಾತ್ರ 60ಕ್ಕೆ ಏರಿಸಿ, ಟ್ಯಾಂಕಿನಲ್ಲಿ ರೋಗಾಣು ಬೆಳೆಯಬಾರದು ಅಂತ.

ಹಾಗಂತ ಎಲ್ಲರೂ ಓಡಿಹೋಗಿ ತರಬೇಡಿ. 200 ಲೀಟರಿನದ್ದಕ್ಕೆ ಲಕ್ಷದ ಆಸುಪಾಸು ಬೆಲೆ ಇದೆ. ಗಂಡ ಹೆಂಡತಿ ಇಬ್ಬರೇ ಇದ್ದು, ಮಕ್ಕಳು ಬೆಂಗಳೂರಿನಲ್ಲಿದ್ದು ಹಬ್ಬಕ್ಕೆ ಬರುವವರಾದರೆ ಸಣ್ಣ ಗೀಸರ್ ಸಾಕು. ತೋಟದ ಸೋಗೆ, ಹಾಳೆ, ಕರಟ ಬೇಕಾದಷ್ಟಿದ್ದು, ಒಲೆಗೆ ತುಂಬುವ ಕೈಗೂ ಬೇಸರ ಇಲ್ಲದಿದ್ದರೆ ಹಂಡೆಗಿಂತ ಅಗ್ಗದ್ದು ಯಾವುದೂ ಇಲ್ಲ. ಸೋಲಾರ್ ಈಗಾಗಲೇ ಇದ್ದರೆ ಕಿತ್ತು ಬಿಸಾಡಬೇಡಿ, ಎಂಟು ತಿಂಗಳು ಅದು ಪುಕ್ಕಟೆ ನೀರು ಕೊಡುತ್ತದೆ. ಆರೇಳು ಜನರ ಮನೆ, ಹೋಂಸ್ಟೇ, ಹಾಸ್ಟೆಲ್, ಕಲ್ಯಾಣಮಂಟಪ, ಇಂಥ ಕಡೆ ಮಾತ್ರ ಕಣ್ಣುಮುಚ್ಚಿ ಹಾಕಿಸಬಹುದು.

ಘಟ್ಟದ ಕೆಳಗಿನವರಿಗೆ ಉಪ್ಪುಗಾಳಿಯ ಕಾಟ ಬೇರೆ. ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳು ಬೆಳ್ಳಗೆ ಪುಡಿಪುಡಿಯಾಗಿ ಉದುರುವುದನ್ನು ಕಡಲ ಬದಿಯ ಏಸಿಗಳಲ್ಲಿ ನೋಡಿರುತ್ತೀರಿ. ಲೇಪ ಕೊಟ್ಟ ಕಾಯಿಲ್ ಇರುವುದನ್ನೇ ಕೇಳಿ, ಕಡಲಿಗೆ ಬೆನ್ನು ಮಾಡಿ ಕೂರಿಸಿ, ತಿಂಗಳಿಗೊಮ್ಮೆ ಸ್ವಿಚ್ ಆಫ್ ಮಾಡಿ ಸಿಹಿನೀರಿನಲ್ಲಿ ತೊಳೆಯಿರಿ. ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಪಕ್ಕದ ಬಾವಿಯಾಗಿದ್ದು ಬೇಸಿಗೆಯಲ್ಲಿ ನೀರು ಉಪ್ಪಾದರೆ ಟ್ಯಾಂಕಿನ ಆನೋಡ್ ಸರಳನ್ನು ವರ್ಷಕ್ಕೊಮ್ಮೆ ತೆಗೆದು ನೋಡಿಸಿ. ಅದು ಸವೆಯುವುದೇ ಟ್ಯಾಂಕ್ ಉಳಿಯಲಿ ಅಂತ.

ಇನ್ನು ಯಾರೂ ಕೇಳದ, ಆದರೆ ಬಚ್ಚಲ ಒಲೆ ಆರಿದ ಮೊದಲ ಆಷಾಢದಲ್ಲೇ ನಿಮಗೆ ಗೊತ್ತಾಗುವ ವಿಷಯ. ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಇಷ್ಟು ವರ್ಷ ಆ ಒಲೆ ನೀರಿನ ಜೊತೆಗೆ ಪಂಚೆ, ಸೀರೆ, ಮಕ್ಕಳ ಯೂನಿಫಾರ್ಮ್, ತೋಟದಿಂದ ಬಂದ ಕಂಬಳಿ ಎಲ್ಲವನ್ನೂ ಒಣಗಿಸುತ್ತಿತ್ತು. ಹೊಗೆ ವಾಸನೆ ಬಂದರೂ ಮುಗ್ಗಲು ಬರುತ್ತಿರಲಿಲ್ಲ. ಹೀಟ್ ಪಂಪ್‌ನ ಫ್ಯಾನ್ ಎದುರಿಗೆ ಹಗ್ಗ ಕಟ್ಟಿ ಬಟ್ಟೆ ಹರವುವವರನ್ನು ನೋಡಿದ್ದೇನೆ. ಸುಮ್ನೆ ಶ್ರಮ. ಅಲ್ಲಿಂದ ಬರುವ ಗಾಳಿ ಒಂದಷ್ಟು ನೀರು ಕಳೆದುಕೊಂಡಿರುತ್ತದೆ ನಿಜ, ಆದರೆ ತಣ್ಣಗಾಗಿರುವ ಕಾರಣ ಬಟ್ಟೆಯಿಂದ ಇನ್ನಷ್ಟು ನೀರು ಹೀರುವ ತಾಕತ್ತು ಅದಕ್ಕಿಲ್ಲ. ಬಟ್ಟೆ ಒಣಗಲು ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ ಬೇಕು. ಅದೂ ಒಳಗಿನಿಂದ ಹೀಟ್ ಪಂಪೇ. ಒಂದು ಕಾಯಿಲ್‌ನಲ್ಲಿ ಗಾಳಿಯನ್ನು ತಣ್ಣಗೆ ಮಾಡಿ ನೀರು ಇಳಿಸುತ್ತದೆ, ಅದೇ ಗಾಳಿಯನ್ನು ಪಕ್ಕದ ಬಿಸಿ ಕಾಯಿಲ್ ಮೇಲೆ ಹಾಯಿಸಿ ಬೆಚ್ಚಗೆ, ಒಣದಾಗಿ ಹೊರಗೆ ಬಿಡುತ್ತದೆ. ಮನೆಯ ಒಂದು ಸಣ್ಣ ಕೋಣೆ ಇದಕ್ಕೆ ಮೀಸಲಿಡಿ. ರಾತ್ರಿ ಬಟ್ಟೆ ಹರವಿ, ಫ್ಯಾನ್ ಮೆಲ್ಲಗೆ ತಿರುಗಲಿ, ಬೆಳಗ್ಗೆ ಪೆಟ್ಟಿಗೆಯ ನೀರು ಚೆಲ್ಲಿ. ಕಿಟಕಿ ಬಾಗಿಲು ಮಾತ್ರ ಭದ್ರ ಹಾಕಿರಬೇಕು, ಇಲ್ಲದಿದ್ದರೆ ಪಾಪದ ಯಂತ್ರ ನಿಮ್ಮ ಬಟ್ಟೆ ಬಿಟ್ಟು ಇಡೀ ಶಿರಸಿ ತಾಲೂಕನ್ನು ಒಣಗಿಸಲು ಹೊರಡುತ್ತದೆ.