ಮಕರ ಬಾಯಿ ತೆರೆದುಕೊಂಡೇ ಇರುವುದೇಕೆ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಎಲ್ಲಕ್ಕಿಂತ ಮೇಲೆ ಹಂಸಗಳ ಸಾಲು. ಹಂಸಕ್ಕೆ ನೇರ ಕೆಳಗಿನ ಪಟ್ಟಿಕೆಯಲ್ಲಿ ಸಾಗುತ್ತಿರುವುದು ಮಕರ. ಸೋಮನಾಥಪುರದಲ್ಲೂ ಅದರ ಜಾಗ ಅದೇ. ಆನೆಯ ಸೊಂಡಿಲು, ಮೊಸಳೆಯ ದವಡೆ, ಸಿಂಹದ ಕಾಲು, ಹಂದಿಯ ಮೈ, ಕೋತಿಯ ಕಣ್ಣು, ಹಸುವಿನ ಕಿವಿ, ನವಿಲಿನ ಬಾಲ ಎಂದು ಗೈಡುಗಳು ಬೆರಳು ಮಡಚಿ ಲೆಕ್ಕ ಕೊಡುತ್ತಾರೆ. ಒಬ್ಬೊಬ್ಬರ ಪಟ್ಟಿಯಲ್ಲಿ ಒಂದೆರಡು ಪ್ರಾಣಿ ಆಚೀಚೆ ಆಗುವುದುಂಟು. ಲೆಕ್ಕ ಮುಗಿದ ಕೂಡಲೇ ಎಲ್ಲರೂ ಮುಂದಿನ ಶಿಲ್ಪಕ್ಕೆ ಹೋಗುತ್ತಾರೆ. ನನಗೆ ಮಾತ್ರ ಪ್ರಶ್ನೆಗಳು ಶುರುವಾಗುವುದೇ ಅಲ್ಲಿಂದ.

ನಾನು ವನ್ಯಜೀವಿ ವೈದ್ಯ. ಈ ಪಟ್ಟಿಯಲ್ಲಿರುವ ಪ್ರಾಣಿಗಳು ನನ್ನ ದಿನನಿತ್ಯದ ಕೆಲಸ. ಆದ್ದರಿಂದ ಮಕರವನ್ನು ಕಂಡಾಗ ಇದು ಉಸಿರಾಡುವುದು ಹೇಗೆ, ತಿನ್ನುವುದೇನು, ಮರಿ ಸಾಕುವುದು ಹೇಗೆ ಎಂದೇ ಯೋಚನೆ ಹೋಗುತ್ತದೆ. ಶಿಲ್ಪಿಯ ಲೋಕದಲ್ಲಿ ಅದು ಜೀವಂತ ಪ್ರಾಣಿ. ಹಾಗಿದ್ದಮೇಲೆ ಅದಕ್ಕೊಂದು ಬದುಕೂ ಇರಲೇಬೇಕು.

ಮೊದಲು ಉಸಿರು. ಆನೆಯ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರೆಲ್ಲ ಒಂದು ವಿಚಿತ್ರವನ್ನು ಕಂಡಿರುತ್ತಾರೆ. ಬೇರೆ ಸಸ್ತನಿಗಳಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ದ್ರವ ಸವರಿದ ತೆಳುವಾದ ಎಡೆ ಇರುತ್ತದೆ. ಆನೆಯಲ್ಲಿ ಆ ಎಡೆಯೇ ಇಲ್ಲ, ಸಡಿಲವಾದ ಅಂಗಾಂಶ ಅದನ್ನು ತುಂಬಿಕೊಂಡಿರುತ್ತದೆ. ಹಸುವಿನಲ್ಲೋ ನಾಯಿಯಲ್ಲೋ ಹೀಗೆ ಅಂಟಿಕೊಂಡಿದ್ದರೆ ಹಳೆಯ ಸೋಂಕಿನ ಗುರುತು ಎಂದು ಬರೆಯುತ್ತೇವೆ, ಆನೆಗೆ ಅದು ಹುಟ್ಟಿನಿಂದ ಬಂದ ರಚನೆ. ಮೈಯೆಲ್ಲ ನೀರಿನಲ್ಲಿ ಮುಳುಗಿಸಿ ಸೊಂಡಿಲ ತುದಿಯನ್ನಷ್ಟೇ ಮೇಲೆತ್ತಿ ಈಜುವಾಗ ನೀರಿನ ಒತ್ತಡ ಎದೆಯ ಮೇಲೆ ಬೀಳುತ್ತದೆ, ಒಳಗಿನ ಗಾಳಿ ಮಾತ್ರ ಹೊರಗಿನ ಗಾಳಿಯ ಒತ್ತಡದಲ್ಲೇ ಇರುತ್ತದೆ. ಈ ವ್ಯತ್ಯಾಸಕ್ಕೆ ಒಳಗಿನ ಸೂಕ್ಷ್ಮ ರಕ್ತನಾಳಗಳು ಒಡೆಯದಂತೆ ಈ ಅಂಗಾಂಶ ಕಾಯುತ್ತದೆ ಎಂಬುದು ಜಾನ್ ವೆಸ್ಟ್ ಎಂಬ ಶರೀರಕ್ರಿಯಾ ವಿಜ್ಞಾನಿ ಕೊಟ್ಟ ವಿವರಣೆ.

ಇನ್ನು ಮೊಸಳೆಯ ಬಾಯಿ. ಅದರ ಗಂಟಲಿನ ಬಾಗಿಲಲ್ಲಿ ಮಾಂಸದ ಒಂದು ಕವಾಟವಿದೆ. ನೀರೊಳಗೆ ಬಾಯಿ ಅಗಲಿಸಿದರೂ ಒಂದು ಹನಿ ಶ್ವಾಸನಾಳಕ್ಕೆ ಇಳಿಯದು. ಮೂಗಿನ ದಾರಿ ಕವಾಟದ ಹಿಂದೆ ಬಂದು ಸೇರುವುದರಿಂದ, ಹೊಳ್ಳೆ ಮೇಲಿದ್ದರೆ ಸಾಕು, ಬಾಯಲ್ಲಿ ನೀರು ತುಂಬಿದ್ದರೂ ಉಸಿರಾಟ ನಡೆಯುತ್ತದೆ.

ಈ ಎರಡನ್ನೂ ಒಂದೇ ತಲೆಯಲ್ಲಿ ಕೂಡಿಸಿ ನೋಡಿ. ಕೆರೆಯ ತಳದಲ್ಲಿ ಬಾಯಿ ತೆರೆದು ನಿಂತು, ಸೊಂಡಿಲ ತುದಿಯನ್ನು ನೀರ ಮೇಲಿಟ್ಟು, ಎಷ್ಟು ಹೊತ್ತು ಬೇಕಾದರೂ ಕಾಯಬಲ್ಲ ಪ್ರಾಣಿ ಸಿಗುತ್ತದೆ. ಆನೆಗೂ ಮೊಸಳೆಗೂ ಬೇರೆಬೇರೆಯಾಗಿ ಇದು ಸಾಧ್ಯವಿಲ್ಲ. ಬೆರಕೆಯಿಂದ ಹೊಸ ಸಾಮರ್ಥ್ಯ ಹುಟ್ಟಿದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲ ಜಾಗ ಇದು.

ಈಜು ಮಾತ್ರ ಇದಕ್ಕೆ ಒಲಿಯದು. ಮೊಸಳೆ ಈಜುವುದು ಬಾಲದ ಬಲದಿಂದ. ಮಕರದ ಹಿಂದೆ ಇರುವುದು ನವಿಲಿನ ಗರಿಗಳ ರಾಶಿ, ಅದೂ ಸುರುಳಿ ಸುರುಳಿಯಾಗಿ ಬಳ್ಳಿಯಂತೆ ಹರಡಿದ್ದು. ನೀರನ್ನು ತಳ್ಳುವ ಸ್ನಾಯು ಅದರಲ್ಲಿಲ್ಲ. ಹಾಗಾಗಿ ಇದು ಹಿಪ್ಪೋ ಹಾಗೆ ತಳದಲ್ಲಿ ನಡೆಯುವ ಪ್ರಾಣಿ ಎಂದೇ ತಿಳಿಯಬೇಕು. ಅದಕ್ಕೆ ಸಿಂಹದ ನೆಟ್ಟಗಿನ ಕಾಲುಗಳು ಸರಿಯಾಗಿಯೇ ಇವೆ. ಸೊಂಡಿಲು ಮುಟ್ಟುವಷ್ಟು ಆಳದಲ್ಲಿ ಮಾತ್ರ ಅದರ ಸಂಚಾರ. ಸಮುದ್ರವೂ ಅಲ್ಲ, ತುಂಬಿ ಹರಿಯುವ ಹೊಳೆಯೂ ಅಲ್ಲ, ಕೆರೆಯಂಚಿನ ನೀರು ಅದರ ಮನೆ. ವರುಣನಿಗೂ ಗಂಗೆಗೂ ಅದು ವಾಹನ ಎನ್ನುತ್ತದೆ ಪುರಾಣ. ಹಳೇಬೀಡಿನ ಶಿಲ್ಪಿಗಳ ಕಣ್ಣೆದುರಿಗೆ ಇದ್ದದ್ದು ದೋರಸಮುದ್ರದ ಕೆರೆ.

ಆಹಾರದ ವಿಷಯ ಬೇಗ ಮುಗಿಯುತ್ತದೆ. ಮೊಸಳೆಯ ಹಲ್ಲು ಹಿಡಿಯುವುದಕ್ಕೆ, ಅಗಿಯುವುದಕ್ಕಲ್ಲ. ಬಿದ್ದ ಹಲ್ಲಿನ ಜಾಗಕ್ಕೆ ಮತ್ತೊಂದು ಬರುತ್ತಲೇ ಇರುತ್ತದೆ. ಆನೆಗಾದರೋ ಬದುಕಿನುದ್ದಕ್ಕೂ ಆರು ಸರದಿ ದವಡೆಹಲ್ಲು, ಕೊನೆಯದು ಸವೆದರೆ ಮೇವು ಅರೆಯಲಾಗದೆ ಸೊರಗುತ್ತದೆ. ಮಕರದ ಬಾಯಲ್ಲಿ ಮೊನಚು ಹಲ್ಲುಗಳ ಸಾಲು ಕೆತ್ತಿರುವುದರಿಂದ ಅದು ಮೀನು, ಮಾಂಸ ನುಂಗುವ ಪ್ರಾಣಿ. ಸೊಂಡಿಲು ಇರುವುದು ಸೊಪ್ಪು ಕೀಳುವುದಕ್ಕಲ್ಲ.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ತೋರಣದ ತುದಿಯಲ್ಲಿರಲಿ, ಅಭಿಷೇಕದ ನೀರು ಬೀಳುವ ಪ್ರನಾಳದಲ್ಲಿರಲಿ, ಮಕರದ ಬಾಯಿ ತೆರೆದೇ ಇರುತ್ತದೆ. ನೋಡಿದವರು ರೌದ್ರ ಎನ್ನುತ್ತಾರೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ಕಳೆದು ಮಲಗಿದ ಮೊಸಳೆಯನ್ನು ಕಂಡು ದೋಣಿಯಲ್ಲಿದ್ದವರು ಬೆಚ್ಚುವುದೂ ಇದೇ ಕಾರಣಕ್ಕೆ. ಅದು ಮುಖ್ಯವಾಗಿ ಮೈಯ ಶಾಖ ಕಳೆಯುವ ಉಪಾಯ: ಬಾಯೊಳಗಿನ ಒದ್ದೆ ಚರ್ಮದಿಂದ ನೀರು ಆವಿಯಾಗಿ ತಲೆ ತಂಪಾಗುತ್ತದೆ.

ಮಕರಕ್ಕೆ ಈ ಉಪಾಯ ಇನ್ನೂ ಹೆಚ್ಚು ಬೇಕು. ಅದರ ಮೈ ಕಟ್ಟಿರುವ ಪ್ರಾಣಿಗಳನ್ನು ಒಂದೊಂದಾಗಿ ನೋಡಿ. ಮೊಸಳೆ ಬೆವರುವುದಿಲ್ಲ. ಹಕ್ಕಿಗಳಿಗೆ ಬೆವರು ಗ್ರಂಥಿಯೇ ಇಲ್ಲ. ಹಂದಿ ಬೆವರಿನಿಂದ ತಂಪಾಗಲಾರದು, ಅದಕ್ಕೇ ಕೆಸರಿನಲ್ಲಿ ಹೊರಳುತ್ತದೆ. ಸಿಂಹಕ್ಕೆ ಬೆವರೇನಿದ್ದರೂ ಅಂಗಾಲಿನಲ್ಲಿ, ಆನೆಗೆ ಉಗುರಿನ ಸುತ್ತ ಅಷ್ಟೇ. ಆನೆಯಾದರೆ ಅಗಲವಾದ ಕಿವಿ ಬೀಸಿ ರಕ್ತವನ್ನು ತಣಿಸಿಕೊಳ್ಳುತ್ತದೆ, ಮಕರಕ್ಕೆ ಇರುವುದು ಪುಟ್ಟ ಕಿವಿ. ದೊಡ್ಡ ಮೈಗೆ ಉಳಿಯುವುದು ಎರಡೇ ದಾರಿ, ನೀರು ಮತ್ತು ತೆರೆದ ಬಾಯಿ. ಶಿಲ್ಪಿ ಈ ಲೆಕ್ಕ ಹಾಕಿ ಕೆತ್ತಿದ ಎಂದು ನಾನು ಹೇಳುವುದಿಲ್ಲ. ಆದರೆ ಅವನು ಆರಿಸಿದ ಅಂಗಗಳು ಒಂದಕ್ಕೊಂದು ಹೊಂದುತ್ತವೆ. ಬೆವರದ ಪ್ರಾಣಿಗಳೆಲ್ಲ ನೀರಿನ ಬಳಿ ಬಾಯಿ ತೆರೆದು ಒಂದೇ ದೇಹವಾಗಿ ನಿಂತಿವೆ.

ತೆರೆಯುವುದು ಸುಲಭದ ಕೆಲಸವೂ ಅಲ್ಲ. ಮೊಸಳೆಯ ದವಡೆ ಮುಚ್ಚುವ ಸ್ನಾಯುಗಳಿಗೆ ಭಯಂಕರ ಬಲ, ತೆರೆಯುವ ಸ್ನಾಯುಗಳು ದುರ್ಬಲ. ಚಿಕಿತ್ಸೆಗೆ ಹಿಡಿದಾಗ ಮೂತಿಗೆ ನಾಲ್ಕು ಸುತ್ತು ಗಟ್ಟಿ ಟೇಪ್ ಹಾಕಿದರೆ ಸಾಕಾಗುವುದು ಇದರಿಂದಲೇ. ಮಕರದಲ್ಲಿ ಮೇಲ್ದವಡೆಯ ತುದಿಗೆ ಸೊಂಡಿಲಿನ ಭಾರ ಬೇರೆ. ದೊಡ್ಡ ಗಂಡಾನೆಯ ಸೊಂಡಿಲು 100 ಕಿಲೋ ದಾಟುತ್ತದೆ. ಶಿಲ್ಪದಲ್ಲಿ ಸೊಂಡಿಲು ಮೋಟಾಗಿದ್ದು ಹಣೆಯ ಕಡೆಗೆ ಸುರುಳಿ ಸುತ್ತಿಕೊಂಡಿರುತ್ತದೆ, ಕುತ್ತಿಗೆ ದಪ್ಪಗಿರುತ್ತದೆ. ಭಾರವನ್ನು ಹಿಂದಕ್ಕೆ ತಂದು ಬಲವಾದ ಕತ್ತಿನ ಮೇಲೆ ಹೊರಿಸುವುದಕ್ಕಿಂತ ಒಳ್ಳೆಯ ಪರಿಹಾರ ನನಗೂ ಹೊಳೆಯದು.

ಬಾಯೊಳಗೆ ಇರುವವರ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಅನೇಕ ಮಕರಗಳ ದವಡೆಯ ನಡುವೆ ಪುಟ್ಟ ಮನುಷ್ಯ, ಯೋಧ, ಸಿಂಹ ಕಾಣಿಸುತ್ತಾರೆ. ನುಂಗುತ್ತಿದೆ ಎಂದು ನೋಡುಗರು ಅಂದುಕೊಳ್ಳುತ್ತಾರೆ. ಗಜೇಂದ್ರನ ಕಾಲು ಹಿಡಿದ ಮೊಸಳೆಯ ಕಥೆ ಕೇಳಿ ಬೆಳೆದ ನಮಗೆ ಅದು ಸಹಜ. ಆದರೆ ಮೊಸಳೆ ಬಾಯಲ್ಲಿ ಹೊರುವುದು ಬೇಟೆಯನ್ನು ಮಾತ್ರವಲ್ಲ. ಮೊಟ್ಟೆಯೊಳಗಿಂದ ಮರಿಗಳು ಕೂಗಿದಾಗ ತಾಯಿ ಗೂಡು ಬಗೆದು, ಮರಿಗಳನ್ನು ಬಾಯಿಗೆ ತೆಗೆದುಕೊಂಡು, ನಾಲಿಗೆಯನ್ನು ಕೆಳಗಿಳಿಸಿ ಮಾಡಿದ ಚೀಲದಂಥ ಜಾಗದಲ್ಲಿ ಕೂರಿಸಿ ನೀರಿಗೆ ಒಯ್ಯುತ್ತದೆ. ಎಮ್ಮೆಯ ಮೂಳೆ ಮುರಿಯುವ ದವಡೆಯಲ್ಲಿ ಮರಿಯ ಚರ್ಮಕ್ಕೆ ಗೀರೂ ಆಗುವುದಿಲ್ಲ. ನಮ್ಮ ಹೊಳೆಗಳ ಜೌಗು ಮೊಸಳೆಯಲ್ಲಿ ಗಂಡೂ ಈ ಕೆಲಸ ಮಾಡುತ್ತದೆ, ಮದರಾಸಿನ ಕ್ರೊಕೊಡೈಲ್ ಬ್ಯಾಂಕ್ ಎಂಬ ಮೊಸಳೆ ಸಂರಕ್ಷಣಾ ಕೇಂದ್ರದಲ್ಲಿ ಅದನ್ನು ನೋಡಿ ದಾಖಲಿಸಿದ್ದಾರೆ.

ಗಂಡು ಎಂಬುದು ಇಲ್ಲಿ ಬಹಳ ಮುಖ್ಯ, ಏಕೆಂದರೆ ಉದ್ದ ಗರಿ ಇರುವುದು ಗಂಡುನವಿಲಿಗೆ. ಮಳೆಗಾಲ ಮುಗಿದ ಮೇಲೆ ಆ ಗರಿಗಳು ಉದುರುತ್ತವೆ, ಮುಂದಿನ ಜೋಡಿಗಾಲಕ್ಕೆ ಮತ್ತೆ ಬೆಳೆದು ನಿಂತಿರುತ್ತವೆ. ಜೌಗು ಮೊಸಳೆ ಬೇಸಿಗೆಯ ಆರಂಭದಲ್ಲಿ ಮೊಟ್ಟೆಯಿಟ್ಟರೆ ಮರಿ ಹೊರಬರುವುದು ಮುಂಗಾರು ಹತ್ತಿರವಾದಾಗ. ನವಿಲಿನ ಗರಿ ತುಂಬಿರುವುದೂ ಆಗಲೇ. ಗರಿ ತುಂಬಿದ ಮಕರ, ಬಾಯಲ್ಲಿ ಪುಟ್ಟ ಜೀವ: ನನ್ನ ಕಣ್ಣಿಗೆ ಅದು ಮುಂಗಾರಿನ ಹೊತ್ತಿಗೆ ಮರಿ ಸಾಗಿಸುತ್ತಿರುವ ಗಂಡು.

ಕತ್ತಿ ಹಿಡಿದ ಯೋಧ ಮರಿಯಾಗುವುದು ಹೇಗೆ ಎಂದು ಕೇಳಬಹುದು. ಬಾಯಿಂದ ಯೋಧನೂ ಬಳ್ಳಿಯೂ ನೀರೂ ಹೊಮ್ಮುವ ಮಕರ ಸಮೃದ್ಧಿಯ ಗುರುತು ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ, ಅದನ್ನು ನಾನು ಒಪ್ಪುತ್ತೇನೆ. ಅವರ ಮಾತಿಗೆ ಪ್ರಾಣಿವೈದ್ಯನ ಕಡೆಯಿಂದ ಒಂದು ಸಾಕ್ಷಿ ಸೇರಿಸಬಲ್ಲೆ. ಮೊಸಳೆ ಬೇಟೆಯನ್ನು ಇಡಿಯಾಗಿ ನುಂಗುವಾಗ ಸಾಮಾನ್ಯವಾಗಿ ತಲೆಯನ್ನು ಮೊದಲು ಗಂಟಲಿಗೆ ತಿರುಗಿಸಿಕೊಳ್ಳುತ್ತದೆ, ಕಾಲು, ರೆಕ್ಕೆ, ಮುಳ್ಳು ಅಡ್ಡ ಸಿಕ್ಕಿಕೊಳ್ಳದಿರಲಿ ಎಂದು. ಮಕರದ ಮುಂದೆ ನಿಂತಾಗ ಒಳಗಿರುವ ಆಕೃತಿ ಯಾವ ಕಡೆ ಮುಖ ಮಾಡಿದೆ ನೋಡಿ. ತಲೆ ಹೊರಗಿದ್ದು ಅದು ನಮ್ಮ ಕಡೆ ನೋಡುತ್ತಿದ್ದರೆ ಆ ಮಕರ ನುಂಗುತ್ತಿಲ್ಲ.