ಪಟ್ಟಿ ಐದೇ, ಬಿಲ್ ಯಾಕೆ ಐದು ಸಾವಿರ?

ಮೊನ್ನೆ ಶಿವಮೊಗ್ಗದ ಗಾಂಧಿ ಬಜಾರಿನ ದಿನಸಿ ಅಂಗಡಿಯೊಂದರಿಂದ ಫೋನ್ ಬಂತು. ಬೆಳಿಗ್ಗೆ ಆರೂವರೆ. ಆ ಹೊತ್ತಿಗೆ ನನಗೆ ಯಾರೂ ಕ್ಷೇಮ ಸಮಾಚಾರ ಕೇಳಲು ಫೋನ್ ಮಾಡುವುದಿಲ್ಲ. ಎಲ್ಲೋ ಶಟರ್ ಕೈಕೊಟ್ಟಿದೆ ಎಂದೇ ಅರ್ಥ.

"ಅಣ್ಣಾ, ಈರುಳ್ಳಿ ಇಳಿಸೋಕೆ ಬಂದ ಟೆಂಪೋ ರಿವರ್ಸಲ್ಲಿ ಗುದ್ದಿಬಿಟ್ಟಿದೆ. ಐದೇ ಪಟ್ಟಿ ನೆಗ್ಗಿರೋದು. ಡ್ರೈವರ್ ಹತ್ರ ಸಾವಿರದೈನೂರು ಇಸ್ಕೊಂಡಿದೀನಿ, ಅಷ್ಟರಲ್ಲಿ ಆಗುತ್ತಲ್ವಾ?"

ಆಗಲಿಲ್ಲ. ಬಿಲ್ 5,310 ರೂಪಾಯಿ ಬಂತು. ಅಂಗಡಿಯವರು ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಇಪ್ಪತ್ತೆರಡು ವರ್ಷದಿಂದ ರೋಲಿಂಗ್ ಶಟರ್ ಮಾಡಿಕೊಂಡು, ರಿಪೇರಿ ಮಾಡಿಕೊಂಡು ಬಂದವನಿಗೆ ಆ ನೋಟ ಹೊಸದಲ್ಲ. ಅವರ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಹತ್ತು ಅಡಿ ಉದ್ದದ ತಗಡಿನ ಪಟ್ಟಿ, ಐದು. ಅದಕ್ಕೆ ಎಷ್ಟಾದೀತು? ನಿಜಕ್ಕೂ ಪಟ್ಟಿಗೆ ಆಗಿದ್ದು 1,210 ರೂಪಾಯಿ ಮಾತ್ರ. ಉಳಿದದ್ದೆಲ್ಲ ಆ ಪಟ್ಟಿಯವರೆಗೆ ಹೋಗಿ ಬರುವ ಖರ್ಚು.

ಶಟರ್ ಹೇಗೆ ಕೂಡಿದೆ ಎಂದು ಒಮ್ಮೆ ನೋಡಿ. ಪ್ರತಿ ಪಟ್ಟಿಯ ಮೇಲಂಚು ಒಂದು ಕಡೆಗೆ, ಕೆಳಂಚು ಇನ್ನೊಂದು ಕಡೆಗೆ ಸುರುಳಿಯಾಗಿ ಮಡಚಿರುತ್ತದೆ. ಒಂದರ ಸುರುಳಿಯೊಳಗೆ ಇನ್ನೊಂದರ ಸುರುಳಿ ಕೂತು ಕೀಲಿನ ಹಾಗೆ ತಿರುಗುತ್ತದೆ. ಹೀಗೆ ಕೂರಿಸುವುದಕ್ಕೆ ಇರುವುದು ಒಂದೇ ದಾರಿ: ಪಕ್ಕದಿಂದ ತೂರಿಸಿ ಉದ್ದಕ್ಕೂ ಜಾರಿಸುವುದು. ಎದುರಿನಿಂದ ಒತ್ತಿ ಕೂರಿಸಲು ಬರುವುದಿಲ್ಲ, ಎಳೆದು ಕೀಳಲೂ ಬರುವುದಿಲ್ಲ. ಸೀರೆಯ ಅಂಚಿನಲ್ಲಿ ಫಾಲ್ ಬಿಚ್ಚಿದ ಹಾಗೆ ಬೇಕಾದ ಕಡೆ ಬಿಚ್ಚಿ ಹೊಲಿಯುವ ಕೆಲಸ ಇದಲ್ಲ.

ಹತ್ತು ಅಡಿ ಪಟ್ಟಿ ಪಕ್ಕಕ್ಕೆ ಜಾರಬೇಕಾದರೆ ಪಕ್ಕದಲ್ಲಿ ಹತ್ತು ಅಡಿ ಖಾಲಿ ಜಾಗ ಬೇಕು. ಗಾಂಧಿ ಬಜಾರಿನಲ್ಲಿ ಒಂದು ಅಂಗಡಿಯ ಗೋಡೆ ಮುಗಿಯುವ ಮುಂಚೆಯೇ ಇನ್ನೊಂದು ಅಂಗಡಿ ಶುರುವಾಗುತ್ತದೆ. ಹಾಗಾಗಿ ಸ್ಪ್ರಿಂಗಿನ ಬಿಗಿ ಇಳಿಸಿ, ಮೇಲೆ ಶಟರ್ ಸುತ್ತಿಕೊಳ್ಳುವ ಡ್ರಮ್ಮಿನಿಂದ ಪಟ್ಟಿಗಳ ಇಡೀ ಪರದೆಯನ್ನು ಕಳಚಿ, ಎರಡೂ ಪಕ್ಕದಲ್ಲಿ ಪಟ್ಟಿಯ ತುದಿ ಜಾರುವ ಗೈಡಿನಿಂದ ಹೊರಗೆ ತಂದು ರಸ್ತೆಯ ಮೇಲೆ ಚಾಪೆಯ ಹಾಗೆ ಹಾಸಿಕೊಂಡು ಜಾರಿಸಬೇಕು. ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಶಟರಿನಲ್ಲಿ 75 ಮಿ.ಮೀ. ಪಟ್ಟಿಗಳು ಸುಮಾರು 40 ಇರುತ್ತವೆ. 20 ಗೇಜಿನದಾದರೆ (ಗೇಜ್ ಅಂದರೆ ತಗಡಿನ ದಪ್ಪದ ಅಳತೆ) ಒಟ್ಟು ತೂಕ 85 ಕೆಜಿ ಆಸುಪಾಸು. ಇದನ್ನು ಇಬ್ಬರು ಹುಡುಗರು ಹೊತ್ತು ಇಳಿಸಬೇಕು, ಹಾಸಬೇಕು, ಮತ್ತೆ ಏರಿಸಬೇಕು. ಅದೂ ತಳ್ಳುಗಾಡಿಗಳು ಬಂದು ನಿಲ್ಲುವ ಮುಂಚೆ.

ಬಿಲ್ಲಿನ ಉಳಿದ ಸಾಲುಗಳು ಹೀಗಿದ್ದವು. ಇಬ್ಬರು ಹುಡುಗರ ಅರ್ಧ ದಿನ ಮತ್ತು ನನ್ನ ಕೆಲಸ ಸೇರಿ 2,000. ಒಂದು ಕಡೆಯ ಗೈಡ್ ಸೊಟ್ಟಗಾಗಿತ್ತು, ಅದರ ಮೂರು ಅಡಿ ತುಂಡು ಕತ್ತರಿಸಿ ಹೊಸದು ಬೆಸೆದದ್ದಕ್ಕೆ 600. ಪಟ್ಟಿ ಆಚೀಚೆ ಸರಿಯದಂತೆ ತುದಿಗೆ ಹಾಕುವ ಕ್ಲಿಪ್ಪು, ರಿವೆಟ್ಟು, ಗ್ರೀಸ್ 190. ಗಾಡಿ ಬಾಡಿಗೆ 500. ಒಟ್ಟು 4,500, ಮೇಲೆ ಶೇ 18 ಜಿಎಸ್‌ಟಿ. ನನ್ನ ದರ ಎಲ್ಲ ಊರಿನ ದರವಲ್ಲ. ಬೆಂಗಳೂರಿನಲ್ಲಿ ಕೂಲಿ ಹೆಚ್ಚು, ಹಳ್ಳಿ ಕಡೆ ಗಾಡಿ ಬಾಡಿಗೆ ಹೆಚ್ಚು. ಆದರೆ ಪಟ್ಟಿಯ ಪಾಲು ಕಾಲು ಭಾಗದ ಆಸುಪಾಸಿನಲ್ಲೇ ನಿಲ್ಲುವುದನ್ನು ಎಷ್ಟೋ ಬಿಲ್ಲುಗಳಲ್ಲಿ ನೋಡಿದ್ದೇನೆ.

ಆ ಗೈಡಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಅಂಗಡಿಯವರ ಸಾವಿರದೈನೂರರ ಲೆಕ್ಕ ಕೆಟ್ಟದ್ದು ಅಲ್ಲೇ. ಗಾಡಿ ಗುದ್ದಿದಾಗ ಕಣ್ಣಿಗೆ ಕಾಣುವುದು ನೆಗ್ಗಿದ ಪಟ್ಟಿ. ಆದರೆ ಪಟ್ಟಿ ಒಳಕ್ಕೆ ಬಾಗಿದಾಗ ಅದರ ಎರಡೂ ತುದಿ ಗೈಡಿನ ತುಟಿಯನ್ನು ಎಳೆದಿರುತ್ತವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೆರಳನ್ನು ಗೈಡಿನೊಳಗೆ ಇಟ್ಟು ಮೇಲಿನಿಂದ ಕೆಳಗೆ ಸವರಿದರೆ ಒಂದು ಕಡೆ ಅಗಲ ಆಗಿರುವುದು ಇಲ್ಲವೇ ಕಿರಿದಾಗಿರುವುದು ಸಿಗುತ್ತದೆ. ಅದನ್ನು ಹಾಗೇ ಬಿಟ್ಟು ಹೊಸ ಪಟ್ಟಿ ಹಾಕಿದರೆ ತಿಂಗಳೊಳಗೆ ಮತ್ತೆ ಅದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ "ರಿಪೇರಿ ಸರಿ ಮಾಡ್ಲಿಲ್ಲ" ಎಂಬ ಮಾತು ನಮ್ಮ ತಲೆಗೆ.

ಡ್ರೈವರನ ಹತ್ತಿರ ಸ್ಥಳದಲ್ಲೇ ರಾಜಿಯಾಗುವುದು ತಪ್ಪೆಂದು ನಾನು ಹೇಳುವುದಿಲ್ಲ. ಕಾರು, ಟೆಂಪೋ, ಲಾರಿಗಳ ಥರ್ಡ್ ಪಾರ್ಟಿ ವಿಮೆಯಲ್ಲಿ ಬೇರೆಯವರ ಆಸ್ತಿ ಹಾನಿಗೂ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ, ನಿಜ. ಆದರೆ ಐದು ಸಾವಿರಕ್ಕೆ ಯಾರು ಮೋಟಾರು ಅಪಘಾತ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಾರೆ? ರಾಜಿಯೇ ಸರಿ. ಶಟರ್ ಒಮ್ಮೆ ಪೂರ್ತಿ ಮೇಲೆತ್ತಿ ಇಳಿಸಿ ನೋಡಿದ ಮೇಲೆ ರಾಜಿಯಾಗಿ ಎಂದಷ್ಟೇ ನನ್ನ ವಿನಂತಿ. ಗಾಡಿ ನಂಬರ್ ಬರೆದಿಟ್ಟುಕೊಳ್ಳಿ.

ಹಾಗಾದರೆ ನೆಗ್ಗಿದ್ದನ್ನೆಲ್ಲ ಬದಲಾಯಿಸಲೇಬೇಕೇ? ಇಲ್ಲ. ನೋಡಬೇಕಾದ್ದು ಪಟ್ಟಿಯ ಹೊಟ್ಟೆಯನ್ನಲ್ಲ, ಅಂಚಿನ ಸುರುಳಿಯನ್ನು. ಹೊಟ್ಟೆ ಮಾತ್ರ ನೆಗ್ಗಿದ್ದರೆ ಒಳಗಿನಿಂದ ಮರದ ತುಂಡು ಕೊಟ್ಟು, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಚಂದ ಕಾಣುವುದಿಲ್ಲ, ಕೆಲಸ ನಡೆಯುತ್ತದೆ. ಅದಕ್ಕೆ ನಾನು ಎಂಟುನೂರು ರೂಪಾಯಿಗಿಂತ ಹೆಚ್ಚು ತೆಗೆದುಕೊಂಡಿಲ್ಲ. ಸುರುಳಿಯೇ ಬಾಯಿ ಬಿಟ್ಟಿದ್ದರೆ ಅಥವಾ ಸೀಳಿದ್ದರೆ ಮಾತ್ರ ಆ ಪಟ್ಟಿಯ ಆಯಸ್ಸು ಮುಗಿಯಿತು. ಎಷ್ಟು ತಟ್ಟಿದರೂ ಇನ್ನೊಂದು ದಿನ ಕೀಲು ಬಿಟ್ಟು ಇಡೀ ಶಟರ್ ಅರ್ಧದಲ್ಲಿ ನೇತಾಡುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಡಿಯ ಒಳಗೆ ನಿಂತು ಶಟರ್ ಪೂರ್ತಿ ಇಳಿಸಿ, ದೀಪ ಆರಿಸಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಕೀಲುಗಳ ಸಾಲನ್ನು ನೋಡುತ್ತಾ ಬನ್ನಿ. ಸುರುಳಿ ಸರಿ ಇರುವ ಕಡೆ ಕತ್ತಲೆ, ಹೆಚ್ಚೆಂದರೆ ಸೂಜಿಮೊನೆಯಷ್ಟು ಬೆಳಕು. ಬಾಯಿ ಬಿಟ್ಟಿರುವ ಕಡೆ ಬೆಳಕಿನ ಗೆರೆ ಎದ್ದು ಕಾಣುತ್ತದೆ. ಗಾಂಧಿ ಬಜಾರಿನವರು ಫೋನಿನಲ್ಲಿ ಐದು ಎಂದಿದ್ದರೂ ಹೊರಗಿನಿಂದ ಎಣಿಸಿದರೆ ಏಳು ಪಟ್ಟಿ ನೆಗ್ಗಿದ್ದವು. ಒಳಗೆ ಹೋಗಿ ನೋಡಿದಾಗ ಗೆರೆ ಬಿದ್ದದ್ದು ಐದಕ್ಕೇ. ಎರಡನ್ನು ತಟ್ಟಿ ಉಳಿಸಿಕೊಂಡೆವು.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಕೆಳಗಿನ ಪಟ್ಟಿ ಬದಲಾಯಿಸುವುದು ಅಗ್ಗ, ಯಾಕೆಂದರೆ ಕೆಳಗಿನ ಲಾಕ್ ಪ್ಲೇಟು ಬಿಚ್ಚಿದರೆ ಮೊದಲು ಸಿಗುವುದೇ ಅವು. ನಮ್ಮ ಮಲೆನಾಡಿನಲ್ಲಿ ಹೆಚ್ಚು ಹಾಳಾಗುವುದೂ ಅವೇ. ದಿನಾ ಬೆಳಿಗ್ಗೆ ಅಂಗಡಿ ಮುಂದೆ ನೀರು ಚೆಲ್ಲಿ ಗುಡಿಸುತ್ತಾರೆ. ಆ ನೀರು ಸುರುಳಿಯೊಳಗೆ ಕೂತು ಒಣಗುವುದೇ ಇಲ್ಲ. ತೀರ್ಥಹಳ್ಳಿ, ಸಾಗರದ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಗಿನ ಮೂರ್ನಾಲ್ಕು ಪಟ್ಟಿ ಒಳಗಿನಿಂದ ತುಕ್ಕು ತಿಂದು ಹಪ್ಪಳವಾಗಿರುತ್ತವೆ, ಹೊರಗೆ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಸಾಗರದ ಅಡಕೆ ವ್ಯಾಪಾರಿಯೊಬ್ಬರು "ಹೋದ ವರ್ಷವಷ್ಟೇ ಪೇಂಟ್ ಹೊಡ್ಸಿದ್ನಲ್ಲ ಮಾರಾಯ್ರೆ" ಎಂದು ಬೇಸರ ಮಾಡಿಕೊಂಡರು. ಪೇಂಟ್ ಸುರುಳಿಯ ಒಳಗೆ ಹೋಗುವುದಿಲ್ಲವಲ್ಲ.

ಎಲ್ಲಕ್ಕಿಂತ ದುಬಾರಿ ತಲೆನೋವು ಅಂದರೆ ಹೊಂದದ ಪಟ್ಟಿ. ಈಗ ಪೇಟೆಯಲ್ಲಿ ಹೆಚ್ಚಾಗಿ ಸಿಗುವುದು 75 ಮಿ.ಮೀ. ಅಗಲದ ಜಿಐ (ಸತು ಲೇಪಿಸಿದ) ಪಟ್ಟಿ. ಕೇಂದ್ರ ಲೋಕೋಪಯೋಗಿ ಇಲಾಖೆಯ ವಿವರಣೆಯಲ್ಲಿ ಬರುವುದು 80 ಮಿ.ಮೀ. ಅಗಲ, 1.25 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ. ಹಳೆಯ ಗೋದಾಮು, ಸರ್ಕಾರಿ ಕಟ್ಟಡಗಳಲ್ಲಿ ಅಂಥದ್ದು ಸಿಗುತ್ತದೆ. ರೋಲಿಂಗ್ ಶಟರಿಗೆ ಐಎಸ್ 6248 ಎಂಬ ಭಾರತೀಯ ಮಾನದಂಡ ಇದೆ. ಆದರೂ ಒಂದು ಯಂತ್ರದ ಸುರುಳಿ ಇನ್ನೊಂದು ಯಂತ್ರದ ಸುರುಳಿಯೊಳಗೆ ಸಲೀಸಾಗಿ ಜಾರುತ್ತದೆಂದು ನಾನು ಬಾಯಿ ಮಾತಿಗೆ ಒಪ್ಪುವುದಿಲ್ಲ. ಹಳೆಯ ಪಟ್ಟಿಯ ಅರ್ಧ ಅಡಿ ತುಂಡು ಕತ್ತರಿಸಿಕೊಂಡು ಹೋಗಿ, ಅಂಗಡಿಯಲ್ಲೇ ಹೊಸದಕ್ಕೆ ತೂರಿಸಿ ನೋಡಿಯೇ ತರುವುದು. ತೂರದಿದ್ದರೆ ಇಡೀ ಪರದೆ ಹೊಸದೇ.

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣನ ಮಗ ಒಮ್ಮೆ ಅವನ ಗರಾಜ್ ಬಾಗಿಲಿನ ಫೋಟೋ ಕಳಿಸಿದ್ದ. ಅಲ್ಲಿಯದು ಸುತ್ತಿಕೊಳ್ಳುವ ಶಟರ್ ಅಲ್ಲ. ಹದಿನಾರು ಅಡಿ ಅಗಲ, ಏಳು ಅಡಿ ಎತ್ತರ, 21 ಇಂಚಿನ ನಾಲ್ಕು ಪ್ಯಾನೆಲ್‌ಗಳು ಕೀಲು ಹಾಕಿಕೊಂಡು ಹಳಿಯ ಮೇಲೆ ಮಡಚಿ ಸೂರಿನ ಕೆಳಗೆ ಹೋಗುತ್ತವೆ. "ಚಿಕ್ಕಪ್ಪ, ನಾಲ್ಕರಲ್ಲಿ ಒಂದೇ ಹಾಳಾಗಿರೋದು, ಇವರು ಇಡೀ ಬಾಗಿಲು ಬದಲಾಯಿಸಿ ಅಂತಾರೆ, ಮೋಸನಾ?" ಎಂದು ಕೇಳಿದ. ಆ ಮಾಡೆಲ್ ಮಾಡುವುದನ್ನು ಕಂಪನಿ ನಿಲ್ಲಿಸಿತ್ತಂತೆ. ಮೋಸ ಇರಲಿಕ್ಕಿಲ್ಲಪ್ಪ ಎಂದೆ. ಪ್ಯಾನೆಲ್ಲಿನ ಅಂಚು ಮೇಲಿನದಕ್ಕೂ ಕೆಳಗಿನದಕ್ಕೂ ಕೂರಬೇಕು, ಹೊಸದರ ತೂಕ ಹಳೆಯ ಸ್ಪ್ರಿಂಗಿಗೆ ಹೊಂದಬೇಕು. ನನ್ನದೂ ಅದೇ ಪಾಡು, ಅವನದು ಡಾಲರಿನಲ್ಲಿ.

ತೂಕದ ಮಾತು ಬಂತು. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು: 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 20 ಅಂದರೆ 0.9, 22 ಅಂದರೆ 0.7ರ ಆಸುಪಾಸು. "ಗಟ್ಟಿ ಇರಲಿ, 18 ಹಾಕ್ರೀ" ಎಂದು ಗಿರಾಕಿ ಹೇಳುತ್ತಾರೆ. 20 ಗೇಜಿನ ಶಟರಿನಲ್ಲಿ ಐದು ಪಟ್ಟಿ ತೆಗೆದು 18ರದು ಹಾಕಿದರೆ ಮೂರೂವರೆ ಕೆಜಿ ಏರುತ್ತದೆ. ಅಷ್ಟನ್ನು ಸ್ಪ್ರಿಂಗ್ ತಡೆದುಕೊಳ್ಳುತ್ತದೆ, ಸ್ವಲ್ಪ ಬಿಗಿ ಮಾಡಿದರಾಯಿತು. ಹದಿನೈದು ಪಟ್ಟಿ ಹಾಗೆ ಹಾಕಿದರೆ ಬೆಳಿಗ್ಗೆ ಶಟರ್ ಎತ್ತುವಾಗ ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ. ಉಲ್ಟಾ ಮೋಸವೂ ಉಂಟು: ಬಿಲ್ಲಿನಲ್ಲಿ 18, ಬಾಗಿಲಲ್ಲಿ 20. ಕಣ್ಣಳತೆಯಲ್ಲಿ ನನಗೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ತಕ್ಕಡಿಗೆ ಗೊತ್ತಾಗುತ್ತದೆ. ಹತ್ತು ಅಡಿಯ 20 ಗೇಜ್ ಪಟ್ಟಿ ಎರಡು ಕೆಜಿಗಿಂತ ತುಸು ಹೆಚ್ಚು ತೂಗುತ್ತದೆ, 18ರದು ಮೂರಕ್ಕೆ ತುಸು ಕಡಿಮೆ. ನಿಮ್ಮದು ದಿನಸಿ ಅಂಗಡಿಯಾದರೆ ತಕ್ಕಡಿ ಹೇಗೂ ಅಲ್ಲೇ ಇರುತ್ತದೆ.

ಎಷ್ಟು ಪಟ್ಟಿ ಹಾಳಾದರೆ ಪೂರ್ತಿ ಬದಲಾಯಿಸಬೇಕು? ನಾನು ಇಟ್ಟುಕೊಂಡಿರುವ ಗೆರೆ ಮೂರನೇ ಒಂದು ಭಾಗ. ನಲವತ್ತರಲ್ಲಿ ಹದಿಮೂರು ದಾಟಿತೆಂದರೆ, ಹೇಗೂ ಇಳಿಸಿ ಹಾಸುವ ಕೂಲಿ ಕೊಟ್ಟಾಗಿದೆ, ಉಳಿದ ಹಳೆಯ ಪಟ್ಟಿಗಳನ್ನು ಮತ್ತೆ ಏರಿಸಿ ಎರಡು ವರ್ಷಕ್ಕೆ ಮತ್ತೊಮ್ಮೆ ಇಳಿಸುವುದರಲ್ಲಿ ಅರ್ಥವಿಲ್ಲ. ಡ್ರಮ್ಮು ಕೂತಿರುವ ಪೈಪು, ಅದನ್ನು ಹೊತ್ತ ಬ್ರಾಕೆಟ್ಟು, ಡ್ರಮ್ಮು, ಗೈಡು ಚೆನ್ನಾಗಿದ್ದರೆ ಉಳಿಸಿಕೊಂಡು ಪರದೆ ಮಾತ್ರ ಹೊಸದು ಹಾಕಿದರೆ ನನ್ನಲ್ಲಿ 13ರಿಂದ 14 ಸಾವಿರಕ್ಕೆ ಮುಗಿಯುತ್ತದೆ. ಎಲ್ಲವೂ ಹೊಸದಾದರೆ ಚದರ ಅಡಿಗೆ 220ರಂತೆ 90 ಅಡಿಗೆ 19,800, ಜಿಎಸ್‌ಟಿ ಬೇರೆ. "ಪೂರ್ತಿ ಕಿತ್ತು ಹೊಸದೇ ಹಾಕೋಣ" ಎಂದು ಬಂದ ಕೂಡಲೇ ಹೇಳುವವರಿಗೆ, ಪೈಪಿಗೆ ಏನಾಗಿದೆ ತೋರಿಸಿ ಎಂದು ಕೇಳಿ.

ಮನೆಯ ಕಾರ್ ಶೆಡ್ಡಿನ ಶಟರಿಗೂ ಲೆಕ್ಕ ಇದೇ. ಅಲ್ಲಿ ಪಕ್ಕದಲ್ಲಿ ಖಾಲಿ ಜಾಗ ಇದ್ದರೆ ಕೂಲಿ ಇಳಿಯುತ್ತದೆ. ಮೋಟಾರ್ ಹಾಕಿಸಿಕೊಂಡವರಿಗೆ ಒಂದು ಮಾತು: ಪಟ್ಟಿ ನೆಗ್ಗಿದ ದಿನ ಸ್ವಿಚ್ ಮುಟ್ಟಬೇಡಿ. ಕೈಯಲ್ಲಿ ಎತ್ತುವವರಿಗೆ ಎಲ್ಲೋ ಸಿಕ್ಕಿಕೊಂಡಿದೆ ಎಂದು ತೋಳಿಗೆ ಗೊತ್ತಾಗುತ್ತದೆ. ಮೋಟಾರಿಗೆ ಗೊತ್ತಾಗುವಷ್ಟರಲ್ಲಿ ಐದು ಪಟ್ಟಿ ಇಪ್ಪತ್ತಾಗಿರುತ್ತದೆ.

ಖರ್ಚು ಉಳಿಸಲು ಸ್ವಂತ ಕೈ ಹಾಕುವವರಿದ್ದಾರೆ. ತಟ್ಟುವುದು, ಗ್ರೀಸ್ ಹಾಕುವುದು ಮಾಡಿಕೊಳ್ಳಿ. ಸ್ಪ್ರಿಂಗ್ ಮಾತ್ರ ಮುಟ್ಟಬೇಡಿ. ಶಟರ್ ಕೆಳಗಿಳಿದಿರುವಾಗ ಇಡೀ ಪರದೆಯ ಭಾರಕ್ಕೆ ಸಮನಾದ ಬಿಗಿ ಆ ಸ್ಪ್ರಿಂಗುಗಳಲ್ಲಿ ತುಂಬಿರುತ್ತದೆ. ಬ್ರಾಕೆಟ್ಟಿನಲ್ಲಿ ಪೈಪನ್ನು ಹಿಡಿದಿರುವ ಕ್ಲ್ಯಾಂಪ್ ಸಡಿಲಿಸಿದ ಕ್ಷಣ ಅಷ್ಟೂ ಬಿಗಿ ಪೈಪ್ ರೆಂಚಿಗೆ ಬರುತ್ತದೆ. ಕೆಲಸ ಕಲಿಯುವಾಗ, ಎರಡನೇ ವರ್ಷ, ಏಣಿಯ ಮೇಲೆ ಒಂದೇ ರೆಂಚ್ ಹಿಡಿದು ಕ್ಲ್ಯಾಂಪ್ ಬಿಚ್ಚಿದ್ದೆ. ಎರಡು ಹಿಡಿಯಬೇಕು, ಒಂದು ತಡೆಯಲು, ಒಂದು ತಿರುಗಿಸಲು. ರೆಂಚ್ ಗಿರ್ರನೆ ತಿರುಗಿ ಮಣಿಕಟ್ಟಿಗೆ ಬಡಿಯಿತು. ಆರು ವಾರ ಪ್ಲಾಸ್ಟರ್. ಇವತ್ತಿಗೂ ಚಳಿಗಾಲದಲ್ಲಿ ಆ ಕೈ ಹವಾಮಾನ ವರದಿ ಕೊಡುತ್ತದೆ.

ನನಗೆ ಫೋನ್ ಮಾಡುವವರು ಒಳಗಿನಿಂದ ಒಂದು, ಹೊರಗಿನಿಂದ ಒಂದು ಫೋಟೋ ಕಳಿಸಿದರೆ ಅರ್ಧ ಕೆಲಸ ಆದ ಹಾಗೆ. ಕೆಳಗಿನಿಂದ ಎಣಿಸಿದರೆ ಎಷ್ಟನೇ ಪಟ್ಟಿಯಿಂದ ಎಷ್ಟನೆಯದರವರೆಗೆ, ಒಂದು ಪಟ್ಟಿಯ ಅಗಲ ಟೇಪಿನಲ್ಲಿ ಎಷ್ಟು, ಪಕ್ಕದಲ್ಲಿ ಜಾಗ ಇದೆಯೋ ಇಲ್ಲವೋ, ಇಷ್ಟು ಗೊತ್ತಾದರೆ ಒಂದೇ ಸಲಕ್ಕೆ ಸರಿಯಾದ ಸಾಮಾನಿನೊಂದಿಗೆ ಬರುತ್ತೇನೆ, ಎರಡನೇ ಗಾಡಿ ಬಾಡಿಗೆ ಬೀಳುವುದಿಲ್ಲ. ಕಿತ್ತ ಹಳೆಯ ಪಟ್ಟಿ ನಿಮ್ಮದು. ಗುಜರಿಯಲ್ಲಿ ಅದಕ್ಕೆ ಬೆಲೆ ಇದೆ, ಕೇಳಿ ಇಟ್ಟುಕೊಳ್ಳಿ.

ಗಾಂಧಿ ಬಜಾರಿನವರು ಇಟ್ಟುಕೊಂಡರು. ಗುಜರಿಗೆ ಹಾಕಲಿಲ್ಲ. ಹೋದ ವಾರ ಆ ದಾರಿಯಲ್ಲಿ ಬರುವಾಗ ನೋಡಿದೆ, ಹಿಂದಿನ ಗೋಡಾನಿನಲ್ಲಿ ಐದೂ ಪಟ್ಟಿ ಇಟ್ಟಿಗೆಯ ಮೇಲೆ ಅಡ್ಡ ಕೂತು ಈರುಳ್ಳಿ ಚೀಲಗಳನ್ನು ನೆಲದ ಥಂಡಿಯಿಂದ ಎತ್ತಿ ಹಿಡಿದಿದ್ದವು. "ಟೆಂಪೋದವನು ಮತ್ತೆ ಬಂದಿದ್ನಾ?" ಎಂದು ಕೇಳಿದೆ. "ಬಂದಿದ್ದ, ಈಗ ರಸ್ತೆಯಲ್ಲೇ ನಿಲ್ಲಿಸಿ ತಲೆ ಮೇಲೆ ಹೊತ್ಕೊಂಡು ಬರ್ತಾನೆ" ಎಂದರು.