ಹೊಸ ಬಟ್ಟೆಯ ದುಆ: ಪದ ಬಿಡಿಸಿ ಓದೋಣ

ಈದ್‌ಗೆ ಬಟ್ಟೆ ಹೊಲಿಯಲು ಕೊಟ್ಟಾಗಿದೆ ಅಲ್ವಾ? ಅದು ಟೈಲರ್ ಕೈಯಿಂದ ಬರುವಷ್ಟರಲ್ಲಿ ಈ ದುಆ, ಅಂದರೆ ಪ್ರಾರ್ಥನೆ, ಬಾಯಿಗೆ ಬಂದಿರಲಿ. ನನ್ನ ಹಾಗೆ ಕನ್ನಡ ಮೀಡಿಯಂನಲ್ಲಿ ಓದಿ, ಅರಬ್ಬಿ ಅಕ್ಷರ ತಡವಾಗಿ ಕಲಿತವರಿಗಾಗಿ ಬರೆದಿದ್ದೇನೆ.

ಪ್ರವಾದಿಯವರ(ಸ) ಸಂಗಾತಿ ಅಬೂ ಸಈದ್ ಅಲ್ ಖುದ್ರಿ(ರ) ಹೇಳಿದ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದು, ಅಬೂ ದಾವೂದ್ ಮತ್ತು ತಿರ್ಮಿದಿ ಎಂಬ ಹದೀಸ್ ಸಂಗ್ರಹಗಳಲ್ಲಿದೆ. ಪ್ರವಾದಿ(ಸ) ಹೊಸ ಬಟ್ಟೆ ಸಿಕ್ಕಾಗ ಮೊದಲು ಅದರ ಹೆಸರು ಹೇಳುತ್ತಿದ್ದರು, ಅಂಗಿಯೋ ಪೇಟವೋ ಅಂತ. ಆಮೇಲೆ ಹೀಗೆ:

"ಅಲ್ಲಾಹುಮ್ಮ ಲಕಲ್ ಹಮ್ದು, ಅನ್ತ ಕಸೌತನೀಹಿ, ಅಸ್‌ಅಲುಕ ಮಿನ್ ಖೈರಿಹಿ ವ ಖೈರಿ ಮಾ ಸುನಿಅ ಲಹು, ವ ಅಊದು ಬಿಕ ಮಿನ್ ಶರ್ರಿಹಿ ವ ಶರ್ರಿ ಮಾ ಸುನಿಅ ಲಹು."

ಅಂದರೆ, ಅಲ್ಲಾಹ್, ಸ್ತುತಿಯೆಲ್ಲ ನಿನಗೇ, ಇದನ್ನು ನನಗೆ ತೊಡಿಸಿದವನು ನೀನು. ಇದರ ಒಳಿತನ್ನೂ ಇದು ಯಾವುದಕ್ಕಾಗಿ ತಯಾರಾಯಿತೋ ಅದರ ಒಳಿತನ್ನೂ ಕೇಳುತ್ತೇನೆ, ಇದರ ಕೆಡುಕಿನಿಂದಲೂ ಇದು ಯಾವುದಕ್ಕಾಗಿ ತಯಾರಾಯಿತೋ ಅದರ ಕೆಡುಕಿನಿಂದಲೂ ನಿನ್ನ ಆಸರೆ ಬೇಡುತ್ತೇನೆ.

'ಕಸೌತನೀಹಿ' ಒಂದೇ ಪದದ ಹಾಗೆ ಕಂಡರೂ ಒಳಗೆ ಮೂರಿವೆ. ಕಸೌತ, ನೀನು ತೊಡಿಸಿದೆ. ನೀ, ನನಗೆ. ಹಿ, ಇದನ್ನು. ಕಾಬಾಗೆ ಹೊದಿಸುವ ಕಪ್ಪು ರೇಷ್ಮೆಯ ಕಿಸ್ವಾ ಇದೆಯಲ್ಲ, ಆ ಪದವೂ ಇದೇ ಧಾತುವಿನದು. ಇದು ಗೊತ್ತಾದ ದಿನದಿಂದ ನನಗೆ ಈ ಪದ ಮರೆತೇ ಇಲ್ಲ. ಉಚ್ಚಾರಣೆಯಲ್ಲಿ ಒಂದು ಎಚ್ಚರ: 'ಖೈರ್'ನ ಖ ನಮ್ಮ ಖಾರದ ಖ ಅಲ್ಲ, ಗಂಟಲು ಕೆರೆದ ಹಾಗೆ ಬರಬೇಕು.

'ಮಾ ಸುನಿಅ ಲಹು' ಹತ್ತಿರ ಸ್ವಲ್ಪ ನಿಲ್ಲಿ. ಬಟ್ಟೆ ಇರುವುದು ಮೈ ಮುಚ್ಚಲು, ಚಳಿ ಬಿಸಿಲು ತಡೆಯಲು, ಚೆನ್ನಾಗಿ ಕಾಣಲು ಕೂಡ. ಅದೇ ಬಟ್ಟೆ ಜಂಬಕ್ಕೂ ಆಗಬಹುದು, ಪಕ್ಕದವನನ್ನು ಸಣ್ಣವನನ್ನಾಗಿ ಮಾಡಲೂ ಆಗಬಹುದು. ನಾವು ಶಿಡ್ಲಘಟ್ಟದವರಿಗೆ ಇದು ಬೇಗ ಅರ್ಥವಾಗುತ್ತೆ, ಯಾಕಂದರೆ ಇಲ್ಲಿ ಎಷ್ಟೋ ಮನೆಗಳಲ್ಲಿ ದಿನವಿಡೀ ರೇಷ್ಮೆ ನೂಲು ತೆಗೆಯುತ್ತಾರೆ, ಆದರೆ ಆ ರೇಷ್ಮೆ ಉಡುವುದು ನಮ್ಮ ಗಂಡಸರಿಗೆ ಹರಾಮ್ (ನಿಷಿದ್ಧ), ಹೆಂಗಸರಿಗೆ ಹಲಾಲ್ (ಅನುಮತಿ ಇದೆ). ಆದರೂ ಸಂಗಾತಿಗಳಾದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಝುಬೈರ್(ರ) ಅವರಿಗೆ ಮೈ ತುರಿಕೆ ಇದ್ದಾಗ ಪ್ರವಾದಿ(ಸ) ರೇಷ್ಮೆ ತೊಡಲು ಬಿಟ್ಟರು. ಅದು ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ.

ದಿನಾ ಬಟ್ಟೆ ಹಾಕುವಾಗ ಹೇಳುವ ದುಆ ಬೇರೆ, ಮುಆದ್ ಬಿನ್ ಅನಸ್(ರ) ಹೇಳಿದ್ದು: "ಅಲ್‌ಹಮ್ದು ಲಿಲ್ಲಾಹಿಲ್ಲದೀ ಕಸಾನೀ ಹಾದಸ್ಸೌಬ ವ ರಝಕನೀಹಿ ಮಿನ್ ಗೈರಿ ಹೌಲಿಮ್ ಮಿನ್ನೀ ವ ಲಾ ಕುವ್ವಃ." ನನ್ನ ಯಾವ ಬಲವೂ ಶಕ್ತಿಯೂ ಇಲ್ಲದೆ ಈ ಬಟ್ಟೆಯನ್ನು ನನಗೆ ತೊಡಿಸಿ, ಕರುಣಿಸಿದ ಅಲ್ಲಾಹನಿಗೆ ಸ್ತುತಿ. ಹೀಗೆ ಹೇಳಿದವನ ಹಿಂದಿನ ತಪ್ಪುಗಳು ಕ್ಷಮಿಸಲ್ಪಡುತ್ತವೆ ಅಂತ ಹದೀಸ್‌ನಲ್ಲಿದೆ.

ಇಲ್ಲಿ ನನಗೊಂದು ಪ್ರಶ್ನೆ ಎದ್ದಿತ್ತು. ಅಬ್ಬಾ ದುಡಿದ ದುಡ್ಡಲ್ಲಿ ತಂದ ಶರ್ಟು, 'ನನ್ನ ಶಕ್ತಿ ಇಲ್ಲದೆ' ಅಂತ ಅವರು ಹೇಗೆ ಹೇಳೋದು? ಅವರನ್ನೇ ಕೇಳಿದೆ. ಅವರಾಗ ಬಿಸಿನೀರಲ್ಲಿ ಬೆಂದ ಗೂಡುಗಳ ನಡುವೆ ಕೈಯಾಡಿಸಿ ಎಳೆಯ ತುದಿ ಹುಡುಕುತ್ತಿದ್ದರು, ಬೆರಳೆಲ್ಲ ಬಿಳಿಚಿಕೊಂಡು ಸುಕ್ಕಾಗಿತ್ತು. "ಬೇಟಾ, ಹುಳಕ್ಕೆ ಗೂಡು ಕಟ್ಟೋದು ನಾನು ಕಲಿಸಿದ್ನಾ?" ಅಂದರು. ಅಷ್ಟೇ.

ಇನ್ನು ಚಿಕ್ಕ ವಿಷಯಗಳು. ಬಲಗೈ ತೋಳಿನಿಂದ ಹಾಕಲು ಶುರು ಮಾಡಿ. ಬಿಚ್ಚುವಾಗ ಬಿಸ್ಮಿಲ್ಲಾಹ್ ಹೇಳಿ.

ಬೇರೆಯವರು ಹೊಸದು ತೊಟ್ಟಾಗಲೂ ದುಆ ಇದೆ. ಇದರ ಹಿಂದಿನ ಘಟನೆ ನನಗೆ ತುಂಬಾ ಇಷ್ಟ. ಪ್ರವಾದಿ(ಸ) ಅವರ ಹತ್ತಿರ ಗುರುತುಗಳಿದ್ದ ಪುಟ್ಟ ಕಪ್ಪು ಬಟ್ಟೆ ಬಂತು. ಯಾರಿಗೆ ತೊಡಿಸೋಣ ಅಂತ ಕೇಳಿದರೆ ಎಲ್ಲರೂ ಸುಮ್ಮನಿದ್ದರು. ಉಮ್ಮು ಖಾಲಿದ್‌ಳನ್ನು ಕರೆತನ್ನಿ ಅಂದರು. ಅಬಿಸೀನಿಯಾದಲ್ಲಿ (ಇಂದಿನ ಇಥಿಯೋಪಿಯಾ ಕಡೆ) ಹುಟ್ಟಿದ ಆ ಪುಟ್ಟ ಹುಡುಗಿಯನ್ನು ಎತ್ತಿಕೊಂಡು ಬಂದರು. ತಾವೇ ತೊಡಿಸಿ "ಅಬ್ಲೀ ವ ಅಖ್ಲಿಕೀ" ಅಂದರು, ಇದು ಹಳೆಯದಾಗಿ ಹರಿಯುವ ತನಕ ತೊಡು ಅಂತ, ಅಂದರೆ ಬಹಳ ಕಾಲ ಬಾಳು ಅಂತ. ಆಮೇಲೆ ಬಟ್ಟೆಯ ಗುರುತು ತೋರಿಸಿ, ಅವಳು ಹುಟ್ಟಿದ ಊರಿನ ಭಾಷೆಯಲ್ಲೇ "ಸನಾ" ಅಂದರು, ಚೆನ್ನಾಗಿದೆ ಅಂತ.

ತಂಗಿಗೆ ಹೀಗೇ ಹೇಳಿ. ತಮ್ಮನಿಗಾದರೆ ಕೊನೆಯ ದೀರ್ಘ ಬೇಡ: "ಅಬ್ಲಿ ವ ಅಖ್ಲಿಕ್."